ಮಹಜರಿಗೆ ಸಹಿ ಹಾಕಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಟೈಲರ್. ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಅಂಗಡಿ. 2017ರಲ್ಲಿ ಒಂದು ಮಧ್ಯಾಹ್ನ ಪೊಲೀಸರು ಬಂದು, "ಯಜಮಾನ್ರೇ, ಹತ್ತು ನಿಮಿಷ ಬನ್ನಿ, ಮಹಜರಿಗೆ ಒಂದು ಸಹಿ ಬೇಕು" ಅಂದರು. ಹಿಂದಿನ ಬೀದಿಯ ಶೆಡ್ಡಿನಲ್ಲಿ ಕದ್ದ ಬೈಕ್ ಸಿಕ್ಕಿತ್ತು. ಚಿಕ್ಕಪ್ಪ ಹೋದರು, ಬೈಕನ್ನು ಕಣ್ಣಾರೆ ನೋಡಿದರು. ಆರೋಪಿಯೂ ಅಲ್ಲೇ ನಿಂತಿದ್ದ. ಮಹಜರು, ಅಂದರೆ ಸ್ಥಳದಲ್ಲಿ ಏನು ಸಿಕ್ಕಿತು ಅಂತ ಪೊಲೀಸರು ಬರೆಯುವ ಪಂಚನಾಮೆ, ಓದಿಸಿ ಕೇಳಿ ಸಹಿ ಹಾಕಿದರು. ವಾಪಸ್ ಬಂದು ಅರ್ಧಕ್ಕೆ ಬಿಟ್ಟಿದ್ದ ರವಿಕೆ ಹೊಲಿಯಲು ಕೂತರು.

ಕೋರ್ಟಿನ ಸಮನ್ಸ್ ಬಂದದ್ದು 2021ರಲ್ಲಿ. ಮೊದಲನೇ ಸಲ ಹೋದಾಗ ಕೇಸು ಮುಂದಕ್ಕೆ ಹೋಯಿತು. ಎರಡನೇ ಸಲವೂ ಅಷ್ಟೇ. ಎರಡು ದಿನ ಅಂಗಡಿ ಬಾಗಿಲು ಹಾಕಿ, ಬಸ್ ಚಾರ್ಜು ಕೊಟ್ಟು, ಸಂಜೆವರೆಗೆ ವರಾಂಡದಲ್ಲಿ ನಿಂತು ಬಂದರು. ಮೂರನೇ ಸಲದ ತಾರೀಖಿಗೆ ಎರಡು ದಿನ ಮುಂಚೆ ಇಬ್ಬರು ಹುಡುಗರು ಅಂಗಡಿಗೆ ಬಂದರು. ಬೈಯಲಿಲ್ಲ, ಕೈ ಎತ್ತಲಿಲ್ಲ. "ಅಣ್ಣಾ, ಮಗಳು ಕಾಲೇಜಿಗೆ ಯಾವ ಬಸ್ಸಿಗೆ ಹೋಗ್ತಾಳೆ?" ಅಂತ ಕೇಳಿ ಹೋದರು.

ಚಿಕ್ಕಪ್ಪ ಕಟಕಟೆಯಲ್ಲಿ ನಿಂತು, "ನನ್ನ ಮುಂದೆ ಯಾವ ಬೈಕೂ ಜಪ್ತಿ ಆಗಿಲ್ಲ, ಠಾಣೆಗೆ ಕರೆದು ಸಹಿ ಹಾಕಿಸಿಕೊಂಡರು" ಅಂದುಬಿಟ್ಟರು. ಕೋರ್ಟಿನ ಭಾಷೆಯಲ್ಲಿ ಅವರು ಪ್ರತಿಕೂಲ ಸಾಕ್ಷಿ, ಅಂದರೆ ಕರೆಸಿದವರಿಗೇ ತಿರುಗಿ ನಿಂತ ಸಾಕ್ಷಿ. ಅವತ್ತು ರಾತ್ರಿ ಊಟ ಮಾಡಲಿಲ್ಲ. "ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳಿ ಬಂದೆ ಕಣೋ" ಅಂದದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಅವರನ್ನು ಹೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಏಕೆಂದರೆ ಆಮೇಲೆ ಕಾನೂನು ಏನು ಹೇಳುತ್ತದೆ ಅಂತ ಕೂತು ಓದಿದೆ. ಓದಿದಷ್ಟೂ ಹೊಟ್ಟೆ ಉರಿಯಿತು.

ಪೊಲೀಸರಿಗೆ ನೆರವಾಗುವುದು ನಮ್ಮಲ್ಲಿ ಬರೀ ಒಳ್ಳೆಯತನದ ಮಾತಲ್ಲ, ಕಾನೂನಿನ ಕಟ್ಟಳೆ. ತಪ್ಪಿಸಿಕೊಂಡು ಓಡುವವನನ್ನು ಹಿಡಿಯಲು, ಗಲಭೆ ತಡೆಯಲು ಪೊಲೀಸರು ಸಹಾಯ ಕೇಳಿದರೆ ಕೊಡಲೇಬೇಕು. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 31ನೇ ಸೆಕ್ಷನ್ ಹೇಳುವುದು ಅದನ್ನೇ. ಮನೆ, ಅಂಗಡಿ ಶೋಧನೆಗೆ ಪಂಚರಾಗಿ, ಅಂದರೆ ನೋಡಿ ಸಹಿ ಹಾಕುವ ಸಾಕ್ಷಿಗಳಾಗಿ, ಬನ್ನಿ ಅಂತ ಲಿಖಿತವಾಗಿ ಕರೆದ ಮೇಲೂ ಸರಿಯಾದ ಕಾರಣ ಇಲ್ಲದೆ ಬರಲ್ಲ ಅಂದರೆ ಅದು ಅಪರಾಧ. ಅಪರಾಧಗಳಿಗೆ ಶಿಕ್ಷೆ ಹೇಳುವ ನ್ಯಾಯ ಸಂಹಿತೆಯ 222ನೇ ಸೆಕ್ಷನ್ನಿನಲ್ಲಿ ಅದಕ್ಕೆ ಸಜೆ, ದಂಡ ಎರಡೂ ಇವೆ. ಬರದಿದ್ದರೆ ಶಿಕ್ಷೆ ಅಂತ ಬರೆದವರು, ಬಂದವನನ್ನು ಆಮೇಲೆ ಯಾರು ನೋಡಿಕೊಳ್ಳಬೇಕು ಅಂತಲೂ ಅಷ್ಟೇ ಗಟ್ಟಿಯಾಗಿ ಬರೆಯಬೇಕಿತ್ತು, ಅಲ್ವಾ?

ರಕ್ಷಣೆ ಏನೂ ಇಲ್ಲ ಅಂತಲ್ಲ. ಅಕ್ರಮ ಗುಂಪು ಚದುರಿಸಲು ಪೊಲೀಸರು ಕರೆದಾಗ ಒಳ್ಳೆಯ ಉದ್ದೇಶದಿಂದ ಕೈ ಜೋಡಿಸಿದವನ ಮೇಲೆ ಅದಕ್ಕಾಗಿ ಕೇಸು ನಿಲ್ಲುವುದಿಲ್ಲ. ಸುಳ್ಳು ಸಾಕ್ಷಿ ಹೇಳು ಅಂತ ಬೆದರಿಸುವುದು 7 ವರ್ಷದವರೆಗೆ ಜೈಲಾಗುವ ಅಪರಾಧ. ಆದರೆ ಆ ಹುಡುಗರು ಕೇಳಿದ್ದು ಬಸ್ಸಿನ ಬಗ್ಗೆ. ಅದು ಬೆದರಿಕೆ ಅಂತ ಚಿಕ್ಕಪ್ಪ ಹೇಗೆ ಸಾಬೀತು ಮಾಡಬೇಕಿತ್ತು?

ಸಾಕ್ಷಿ ಸಂರಕ್ಷಣಾ ಯೋಜನೆ ಅಂತ ಒಂದಿದೆ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿ ಇಡೀ ದೇಶಕ್ಕೆ ಅನ್ವಯಿಸಿತು. ನಿಜಕ್ಕೂ ಒಳ್ಳೆಯ ಯೋಜನೆ. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಕೊಡಬಹುದು. ಡಿವೈಎಸ್‌ಪಿ ಮಟ್ಟದ ಅಧಿಕಾರಿ ಬೆದರಿಕೆ ಎಷ್ಟಿದೆ ಅಂತ ವರದಿ ಕೊಡಬೇಕು. ಮನೆ ಹತ್ತಿರ ಗಸ್ತು, ಕೋರ್ಟಿಗೆ ಕರೆದುಕೊಂಡು ಹೋಗುವ ವ್ಯವಸ್ಥೆ, ಸಾಕ್ಷಿ ಮತ್ತು ಆರೋಪಿ ಎದುರುಬದುರಾಗದ ಹಾಗೆ ನೋಡಿಕೊಳ್ಳುವುದು, ಎಲ್ಲ ಇದೆ. ಆದರೆ ಅದು ಅನ್ವಯಿಸುವುದು ಮರಣದಂಡನೆ, ಜೀವಾವಧಿ ಅಥವಾ 7 ವರ್ಷ ಮತ್ತು ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಿಗೆ. ಜೊತೆಗೆ ಮಹಿಳೆಯರ ಮೇಲಿನ ಕೆಲವು ಅಪರಾಧಗಳಿಗೆ. ಚಿಕ್ಕಪ್ಪನ ಕೇಸಿನ ಕಾಲದ ಕಾನೂನಿನಲ್ಲಿ ಬೈಕ್ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 3 ವರ್ಷ ಇತ್ತು. ಅಂದರೆ ಚಿಕ್ಕಪ್ಪ ಆ ಬಾಗಿಲು ತಟ್ಟಿದ್ದರೂ ಅದು ತೆರೆಯುತ್ತಿರಲಿಲ್ಲ.

ಊರಲ್ಲಿ ದಿನಾ ನಡೆಯುವುದು ಇಂಥ ಕೇಸುಗಳೇ. ಬೈಕು, ಪಂಪ್‌ಸೆಟ್ಟು, ಮೊಬೈಲು. ಇವುಗಳಲ್ಲಿ ಆರೋಪಿ ಯಾರೋ ದೂರದವನಲ್ಲ, ಪಕ್ಕದ ಬೀದಿಯವನು. ಜಾಮೀನು ಬೇಗ ಸಿಗುತ್ತದೆ. ಮರುದಿನವೇ ಅದೇ ಟೀ ಅಂಗಡಿಯಲ್ಲಿ ಸಾಕ್ಷಿಯ ಎದುರು ಕೂರುತ್ತಾನೆ. ಶಿಕ್ಷೆ ಚಿಕ್ಕದು ಅಂದ ಮಾತ್ರಕ್ಕೆ ಭಯವೂ ಚಿಕ್ಕದು ಅಂತ ಯಾರು ಹೇಳಿದರು?

ಮನಸ್ಸು ಮಾಡಿದರೆ ನಮ್ಮ ವ್ಯವಸ್ಥೆಗೆ ಆಗುತ್ತದೆ. ಅಪಘಾತದಲ್ಲಿ ನೆರವಾದವರ ವಿಷಯ ನೋಡಿ. ಮೊದಲು ರಸ್ತೆಯಲ್ಲಿ ಬಿದ್ದವನನ್ನು ಮುಟ್ಟಲು ಜನ ಹೆದರುತ್ತಿದ್ದರು. ಕರ್ನಾಟಕ 2016ರಲ್ಲೇ ಅಂಥವರ ರಕ್ಷಣೆಗೆ ತನ್ನದೇ ಮಸೂದೆ ಪಾಸು ಮಾಡಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಇಂಥವರನ್ನು ರಕ್ಷಿಸುವ 134ಎ ಸೆಕ್ಷನ್ ಸೇರಿತು, 2020ರಲ್ಲಿ ನಿಯಮಗಳು ಬಂದವು. ಈಗ ಹೆಸರು, ವಿಳಾಸ ಹೇಳು ಅಂತ ನೆರವಾದವನನ್ನು ಬಲವಂತ ಮಾಡುವಂತಿಲ್ಲ. ಅವನಾಗಿಯೇ ಸಾಕ್ಷಿಯಾಗಲು ಒಪ್ಪಿದರೆ, ಪೊಲೀಸರು ಅವನಿಗೆ ಅನುಕೂಲವಾದ ಜಾಗಕ್ಕೆ, ಮನೆಗೋ ಕೆಲಸದ ಜಾಗಕ್ಕೋ, ಸಮವಸ್ತ್ರ ಇಲ್ಲದೆ ಬಂದು ವಿಚಾರಿಸಬೇಕು. ಆ ನಿಯಮ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಯಾರೋ ಒಬ್ಬರು ಸಾಮಾನ್ಯ ಮನುಷ್ಯನ ಜಾಗದಲ್ಲಿ ನಿಂತು ಯೋಚಿಸಿ ಬರೆದಿದ್ದಾರೆ.

ಪಂಚರ ಹೆಸರನ್ನು ಆರೋಪಿಯಿಂದ ಪೂರ್ತಿ ಮುಚ್ಚಿಡಲು ಆಗುವುದಿಲ್ಲ, ಒಪ್ಪುತ್ತೇನೆ. ಪಾಟಿ ಸವಾಲು ಮಾಡುವುದು, ಅಂದರೆ ಸಾಕ್ಷಿಯನ್ನು ಎದುರು ಪ್ರಶ್ನೆ ಕೇಳುವುದು, ಅವನ ಹಕ್ಕು. ಪೊಲೀಸರ ಜೇಬಿನಲ್ಲೇ ಇರುವ ಖಾಯಂ ಪಂಚರನ್ನು ಬಯಲಿಗೆಳೆಯಲು ಅದು ಬೇಕೇ ಬೇಕು. ಆದರೆ ಈಗ ಹೊಸ ಕಾನೂನಿನಲ್ಲಿ ಶೋಧನೆ, ಜಪ್ತಿಯನ್ನು ವಿಡಿಯೋ ಮಾಡಬೇಕು ಅಂತಿದೆ. ಆ ವಿಡಿಯೋ ಸರಿಯಾಗಿ ಇದ್ದರೆ ಇಡೀ ಕೇಸಿನ ಭಾರ ಒಬ್ಬ ಟೈಲರ್ ಹೆಗಲ ಮೇಲೆ ಯಾಕೆ ಬೀಳಬೇಕು? ವಿಡಿಯೋ ಕಾನ್ಫರೆನ್ಸಿನಲ್ಲಿ ಸಾಕ್ಷಿ ತೆಗೆದುಕೊಳ್ಳಲೂ ಅವಕಾಶ ಇದೆ. ಪಂಚರಿಗೆ ಅದನ್ನು ಕೇಳದೆಯೇ ಕೊಡಲಿ. ಕೋರ್ಟಿಗೆ ಕರೆದ ದಿನದ ದುಡಿಮೆಯನ್ನು ಅವತ್ತೇ ಕೈಗೆ ಕೊಡಲಿ. ಸಾಕ್ಷಿಗೆ ಕೂರಲು ಜಾಗವಿಲ್ಲ, ಒಂದು ಲೋಟ ನೀರಿಲ್ಲ ಅಂತ ಸುಪ್ರೀಂ ಕೋರ್ಟೇ 2000ದಲ್ಲಿ ನೊಂದುಕೊಂಡು ಬರೆದಿತ್ತು. ಚಿಕ್ಕಪ್ಪ ವರಾಂಡದಲ್ಲಿ ನಿಂತದ್ದು ಅದಾಗಿ 21 ವರ್ಷಕ್ಕೆ.

ಪ್ರತಿ ರಾಜ್ಯವೂ ತನ್ನದೇ ಸಾಕ್ಷಿ ಸಂರಕ್ಷಣಾ ಯೋಜನೆ ಮಾಡಿ ಪ್ರಕಟಿಸಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಸೆಕ್ಷನ್ ಹೇಳುತ್ತದೆ. ಕರ್ನಾಟಕದ ಯೋಜನೆಯಲ್ಲಿ ಆ 7 ವರ್ಷದ ಗೆರೆ ಇರಬಾರದು ಅನ್ನುವುದೇ ನನ್ನ ಬೇಡಿಕೆ. ಬೆದರಿಕೆ ಇದೆಯೋ ಇಲ್ಲವೋ ಅದನ್ನು ನೋಡಲಿ, ಕೇಸು ಎಷ್ಟು ದೊಡ್ಡದು ಅಂತಲ್ಲ. ನಮ್ಮ ಶಾಸಕರಿಗೆ ಇದನ್ನೇ ಬರೆದು ಕಳಿಸುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹೀಗೆ ಮಹಜರಿಗೆ ಸಹಿ ಹಾಕಿ ಕಷ್ಟಪಟ್ಟವರು ಇದ್ದರೆ, ಅವರ ಹೆಸರು ಹಾಕದೆ, ಏನಾಯಿತು ಅಂತ ಕೆಳಗೆ ಬರೆಯಿರಿ. ಪತ್ರದ ಜೊತೆ ಅದನ್ನೂ ಸೇರಿಸುತ್ತೇನೆ.