ನೇಜಿಯ ಹಣೆಬರಹಕ್ಕೆ ಹೊಣೆ ಯಾರು?

ಮೊನ್ನೆ ಭಾನುವಾರ ಬೆಳಗಿನಿಂದ ಮಳೆ. ಎಲ್ಲೂ ಹೋಗುವಂತಿರಲಿಲ್ಲ. ಸುಮ್ನೆ ಕೂತು ನರುಟೊ ಅನ್ನುವ ಜಪಾನೀ ಕಾರ್ಟೂನ್ ಸರಣಿಯಲ್ಲಿ ಚೂನಿನ್ ಪರೀಕ್ಷೆಯ, ಅಂದರೆ ಎಳೆಯ ನಿಂಜಾಗಳ ಬಡ್ತಿ ಪರೀಕ್ಷೆಯ, ಭಾಗವನ್ನು ಮತ್ತೆ ಹಾಕಿಕೊಂಡೆ. ನರುಟೊ ಮತ್ತು ನೇಜಿ ಹೊಡೆದಾಡುವ ಆ ಎಪಿಸೋಡುಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲ ಸಲ ಹಾಸ್ಟೆಲಿನಲ್ಲಿ ನೋಡಿದಾಗ ಮಂಚದ ಮೇಲೆ ನಿಂತು ಕೂಗಿದ್ದೆ. ಈ ಸಲ ನೋಡಿ ಮುಗಿಸಿದ ಮೇಲೆ ಮೈಯೆಲ್ಲ ಉರಿಯಿತು. ಮುಂದೇನಾಗುತ್ತದೆ ಅಂತ ಗೊತ್ತಿದ್ದು ಅದನ್ನು ನೋಡುವುದು ಕಷ್ಟ.

ಸರಣಿ ನೋಡದವರು ಇಲ್ಲಿಗೇ ನಿಲ್ಲಿಸಿ. ಕೊನೆಯನ್ನೆಲ್ಲ ಹೇಳಿಬಿಡುತ್ತೇನೆ.

ನರುಟೊ ಮೊದಲು ಮಾಂಗಾ, ಅಂದರೆ ಜಪಾನೀ ಕಾಮಿಕ್ಸ್. ಮಸಾಶಿ ಕಿಶಿಮೊಟೊ 1999ರಲ್ಲಿ ಶುರು ಮಾಡಿ 2014ರಲ್ಲಿ 700ನೇ ಅಧ್ಯಾಯಕ್ಕೆ ಮುಗಿಸಿದರು. ಅದರ ಅನಿಮೆ, ಅಂದರೆ ಕಾರ್ಟೂನ್ ರೂಪ, 2002ರಿಂದ 2017ರವರೆಗೆ ಬಂತು. ಮೊದಲ ಭಾಗ 220 ಎಪಿಸೋಡು, ಶಿಪ್ಪುಡೆನ್ ಅನ್ನುವ ಎರಡನೇ ಭಾಗ 500. ಊರೆಲ್ಲ ದೂರ ಇಟ್ಟ ಒಬ್ಬ ಅನಾಥ ಹುಡುಗ ಹೊಕಾಗೆ, ಅಂದರೆ ಊರಿನ ಮುಖ್ಯಸ್ಥ, ಆಗುತ್ತೇನೆ ಅಂತ ಹಟ ಹಿಡಿದ ಕಥೆ. ಇಷ್ಟು ಸಾಕು. ನನಗೆ ಬೇಕಾಗಿರುವುದು ನೇಜಿ.

ನೇಜಿ ಹ್ಯೂಗಾ ಮನೆತನದವನು. ಆ ಮನೆತನದಲ್ಲಿ ಎರಡು ಕವಲು. ಒಂದು ಯಜಮಾನರ ಮನೆ, ಇನ್ನೊಂದು ಅವರನ್ನು ಕಾಯಬೇಕಾದ ಮನೆ. ಕಾಯುವ ಮನೆಯಲ್ಲಿ ಹುಟ್ಟಿದವರ ಹಣೆಗೆ ಚಿಕ್ಕಂದಿನಲ್ಲೇ ಒಂದು ಮುದ್ರೆ ಒತ್ತುತ್ತಾರೆ. ಹೆಸರು 'ಪಂಜರದ ಹಕ್ಕಿ'. ಯಜಮಾನರ ಮನೆಯವರು ಕೈಬೆರಳು ಮಡಚಿ ಒಂದು ಸನ್ನೆ ಮಾಡಿದರೆ ಸಾಕು, ಮುದ್ರೆ ಹೊತ್ತವನ ತಲೆ ಸಿಡಿದಂತಾಗುತ್ತದೆ. ಬೇಕಿದ್ದರೆ ಕೊಂದೇ ಬಿಡಬಹುದು. ಆ ಗುರುತು ಅಳಿಸುವುದು ಸತ್ತ ಮೇಲೆ ಮಾತ್ರ. ಸಾಯುವಾಗ ಅದು ಅವನ ಕಣ್ಣಿನ ವಿಶೇಷ ಶಕ್ತಿಯನ್ನೂ ಮುಚ್ಚಿಹಾಕುತ್ತದೆ, ಮನೆತನದ ಗುಟ್ಟು ಶತ್ರುವಿನ ಕೈಗೆ ಸಿಗದಿರಲಿ ಅಂತ. ನೇಜಿಗೆ ಅದನ್ನು ಒತ್ತಿದ್ದು ನಾಲ್ಕನೇ ವಯಸ್ಸಿನಲ್ಲಿ, ಯಜಮಾನರ ಮನೆಯ ಮಗಳು ಹಿನಾಟಾಳಿಗೆ ಮೂರು ತುಂಬಿದ ದಿನ.

ನಮ್ಮಲ್ಲಿ ಹಣೆಬರಹ ಅನ್ನುವುದು ಬಾಯಿಮಾತು. ಯಾರ ಹಣೆ ಮುಟ್ಟಿ ನೋಡಿದರೂ ಅಲ್ಲಿ ಏನೂ ಬರೆದಿರುವುದಿಲ್ಲ. ಈ ಹುಡುಗನಿಗೆ ನಿಜವಾಗಲೂ ಬರೆದಿದ್ದಾರೆ. ಮಾಂಗಾದಲ್ಲಂತೂ ಆ ಗುರುತು ನಾವು ಹೊಸ್ತಿಲ ಮುಂದೆ ಬಿಡಿಸುವ ಸ್ವಸ್ತಿಕದ ಆಕಾರದಲ್ಲೇ ಇದೆ. ಅನಿಮೆಯಲ್ಲಿ ಅದನ್ನು ಗುಣಾಕಾರದ ಚಿಹ್ನೆಯಂತೆ ಬದಲಿಸಿದರು. 'ಹಣೆಬರಹಕ್ಕೆ ಹೊಣೆ ಯಾರು' ಅಂತ ನಾವು ಕೈ ಚೆಲ್ಲುತ್ತೇವಲ್ಲ, ನೇಜಿಯ ವಿಷಯದಲ್ಲಿ ಹೊಣೆ ಯಾರು ಅಂತ ಎಲ್ಲರಿಗೂ ಗೊತ್ತು. ಬ್ರಹ್ಮ ಅಲ್ಲ. ದೊಡ್ಡಪ್ಪನ ಮನೆಯವರು.

ಅವನ ಅಪ್ಪ ಹಿಝಾಶಿ, ಹಿನಾಟಾಳ ಅಪ್ಪ ಹಿಯಾಶಿ, ಇಬ್ಬರೂ ಅವಳಿಗಳು. ಕೊಂಚ ಮೊದಲು ಹುಟ್ಟಿದ್ದಕ್ಕೆ ಹಿಯಾಶಿ ಯಜಮಾನ. ಕೊಂಚ ತಡವಾಗಿದ್ದಕ್ಕೆ ಹಿಝಾಶಿ ಕಾವಲುಗಾರ. ಒಪ್ಪಂದಕ್ಕೆಂದು ಬಂದ ಬೇರೆ ಹಳ್ಳಿಯ ನಿಂಜಾ ಒಬ್ಬ ಹಿನಾಟಾಳನ್ನು ಕದ್ದೊಯ್ಯಲು ನೋಡುತ್ತಾನೆ. ಹಿಯಾಶಿ ಅವನನ್ನು ಕೊಲ್ಲುತ್ತಾನೆ. ಆ ಹಳ್ಳಿಯವರು ಅದಕ್ಕೆ ಬದಲಾಗಿ ಹಿಯಾಶಿಯ ಹೆಣವನ್ನೇ ಕೇಳುತ್ತಾರೆ. ಹೋದದ್ದು ತಮ್ಮನ ಹೆಣ. ಮುಖ ಒಂದೇ ಅಲ್ವಾ? ಕಿಶಿಮೊಟೊ ಕೂಡ ಅವಳಿ. ಅವರ ಸೋದರನೂ ಮಾಂಗಾ ಬರೆಯುವವರೇ. ಈ ಭಾಗ ಇಷ್ಟು ಆಳಕ್ಕೆ ನಾಟಲು ಅದೂ ಕಾರಣವಿರಬಹುದು ಅಂತ ನನಗೆ ಅನ್ನಿಸುತ್ತದೆ.

ಹೀಗೆ ಬೆಳೆದ ಹುಡುಗ ಏನು ಹೇಳಿಯಾನು? 'ಹುಟ್ಟಿದಾಗಲೇ ಎಲ್ಲ ತೀರ್ಮಾನ ಆಗಿರುತ್ತದೆ' ಅನ್ನುತ್ತಾನೆ. ಹಿನಾಟಾಳಿಗೆ ಸಾಯುವ ಹಾಗೆ ಹೊಡೆದು ಅದನ್ನೇ ಹೇಳುತ್ತಾನೆ. ಅವನು ಕ್ರೂರಿ, ಆದರೆ ಅವನ ಮಾತು ಬರೀ ಖಳನ ಮಾತಲ್ಲ. ಹಣೆಯ ಮೇಲೆ ಸಾಕ್ಷಿ ಇಟ್ಟುಕೊಂಡು ಮಾತಾಡುತ್ತಿದ್ದಾನೆ. ಅಂತಿಮ ಸುತ್ತಿನಲ್ಲಿ ಎದುರಿಗೆ ಬಂದ ನರುಟೊ ಮೂರು ಸಲ ನಿಂಜಾ ಶಾಲೆಯ ಪದವಿ ಪರೀಕ್ಷೆಯಲ್ಲಿ ಫೇಲಾದವನು. ಪ್ರತಿ ಸಲ ಪರೀಕ್ಷೆಗೆ ಬರುತ್ತಿದ್ದದ್ದು ಅವನಿಗೆ ಬಾರದ, ತನ್ನದೇ ನಕಲು ಮಾಡುವ ತದ್ರೂಪಿ ವಿದ್ಯೆ. ಕೊನೆಗೆ ನೇಜಿಯನ್ನು ಕೆಡವುವುದೂ ತದ್ರೂಪಿಯ ನೆರವಿನಿಂದಲೇ, ನೆಲ ಕೊರೆದು ಕೆಳಗಿನಿಂದ ಎದ್ದು ಗಲ್ಲಕ್ಕೆ ಒಂದು ಗುದ್ದು. ಅದಕ್ಕೂ ಮೊದಲು ಒಂದು ಮಾತು ಕೊಡುತ್ತಾನೆ. ನಾನು ಹೊಕಾಗೆ ಆದ ಮೇಲೆ ಹ್ಯೂಗಾ ಮನೆತನವನ್ನು ಬದಲಿಸುತ್ತೇನೆ ಅಂತ.

ನಾನು ಇಂಜಿನಿಯರಿಂಗಿನಲ್ಲಿ ಎಂ-3 ಗಣಿತದ ಪೇಪರನ್ನು ಮೂರು ಸಲ ಬರೆದವನು. ಆಗ ಆ ಗುದ್ದು ಯಾರಿಗೆ ಬಿತ್ತು ಅಂತ ಅನ್ನಿಸಿತು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ? ಆಮೇಲೆ ಗೊತ್ತಾಗುತ್ತದೆ, ನರುಟೊ ನಾಲ್ಕನೇ ಹೊಕಾಗೆ ಮಿನಾಟೊನ ಮಗ. ಅವನ ಒಡಲಲ್ಲಿ ಸೆರೆಯಾಗಿರುವ ಒಂಬತ್ತು ಬಾಲದ ರಾಕ್ಷಸ ನರಿಯನ್ನು ಅವನಿಗಿಂತ ಮೊದಲು ಹೊತ್ತವಳು ತಾಯಿ ಕುಶಿನಾ. ಹೋಗಲಿ, ಇದನ್ನು ಒಪ್ಪಬಹುದು. ಅಪ್ಪ ದೊಡ್ಡವನಾಗಿದ್ದರೂ ಹುಡುಗ ಬೆಳೆದದ್ದು ಒಬ್ಬಂಟಿಯಾಗಿಯೇ. ಆದರೆ ಯುದ್ಧದ ಭಾಗಕ್ಕೆ ಬಂದರೆ ಅವನು ಅಶುರಾನ ಮರುಹುಟ್ಟು ಅನ್ನುತ್ತಾರೆ. ಆ ಅಶುರಾ ನಿಂಜಾ ಲೋಕದ ಮೂಲಪುರುಷನ ಮಗ. ನರುಟೊನ ಗೆಳೆಯನೂ ಎದುರಾಳಿಯೂ ಆದ ಸಾಸುಕೆ, ಅಶುರಾನ ಅಣ್ಣ ಇಂದ್ರನ ಮರುಹುಟ್ಟು. ಆ ಮೂಲಪುರುಷನೇ ಬಂದು ಇಬ್ಬರ ಕೈಗೆ ಶಕ್ತಿ ಹಂಚುತ್ತಾನೆ. ನಮಗೇನು, ಅವತಾರದ ಕಥೆ ಕೇಳಿಯೇ ಬೆಳೆದವರು, ಮರುಹುಟ್ಟು ಹೊಸದಲ್ಲ. ಆದರೆ ಈ ಕಥೆ ಹೊರಟಿದ್ದು ಹುಟ್ಟನ್ನು ಸೋಲಿಸಲು ಅಲ್ವಾ? ಮೈದಾನದಲ್ಲಿ ಬಿದ್ದ ನೇಜಿ ಎದ್ದು ಬಂದು, 'ನಾನು ಅಂದೇ ಹೇಳಿರಲಿಲ್ವಾ, ಎಲ್ಲ ಹುಟ್ಟಿದಾಗಲೇ ತೀರ್ಮಾನ ಆಗಿರುತ್ತದೆ' ಅಂದರೆ ನರುಟೊ ಏನು ಉತ್ತರ ಕೊಡುತ್ತಾನೆ? ಹೊಡೆದಾಟದಲ್ಲಿ ಸೋತವನನ್ನು ಲೇಖಕರು ವಾದದಲ್ಲಿ ಗೆಲ್ಲಿಸಿಬಿಟ್ಟರು. ಅದೂ ತಮಗೇ ಗೊತ್ತಾಗದ ಹಾಗೆ.

ನೇಜಿ ಎದ್ದು ಬಂದು ಕೇಳುವಂತಿಲ್ಲ ಬಿಡಿ. ಅಷ್ಟರಲ್ಲಿ ಅವನು ಸತ್ತಿರುತ್ತಾನೆ.

ನಾಲ್ಕನೇ ಮಹಾಯುದ್ಧದ ನಡುವೆ ಹತ್ತು ಬಾಲದ ರಾಕ್ಷಸ ಮರದ ಈಟಿಗಳನ್ನು ಎಸೆಯುತ್ತದೆ. ನರುಟೊಗೆ ಅಡ್ಡವಾಗಿ ಹಿನಾಟಾ ನಿಲ್ಲುತ್ತಾಳೆ. ಅವಳಿಗೂ ಅಡ್ಡವಾಗಿ ನೇಜಿ. ಎರಡು ಮಾತು, ಅಪ್ಪನ ನೆನಪು, ಮುಗಿಯಿತು. ಹಣೆಯ ಗುರುತು ಮೆಲ್ಲಗೆ ಅಳಿಸಿಹೋಗುತ್ತದೆ. ಅವನು ಯಾರು? ಓರಗೆಯ ಹುಡುಗರಲ್ಲಿ ಎಲ್ಲರಿಗಿಂತ ಮೊದಲು ಜೋನಿನ್ ಅನ್ನುವ ಮೇಲಿನ ದರ್ಜೆಗೇರಿದವನು. ಸುತ್ತಲೂ ಬಹುಪಾಲು ದಿಕ್ಕಿನಲ್ಲಿ ಬರುವುದನ್ನು ಬೆನ್ನು ತಿರುಗಿಸದೆ ನೋಡಬಲ್ಲ ಕಣ್ಣಿನವನು. ಸುತ್ತಿ ನಿಂತು ಏಟುಗಳನ್ನೆಲ್ಲ ಚದುರಿಸುವ ವಿದ್ಯೆಯನ್ನು ಯಾರೂ ಹೇಳಿಕೊಡದೆ ತಾನೇ ಕಲಿತವನು. ಅವನಿಗೆ ಮೈಯನ್ನೇ ಅಡ್ಡ ಕೊಡುವುದು ಬಿಟ್ಟು ಬೇರೆ ದಾರಿ ಹೊಳೆಯಲಿಲ್ಲವಂತೆ.

ಕಾಯುವ ಮನೆಯ ಮಗ ಯಜಮಾನರ ಮನೆಯ ಮಗಳಿಗೆ ಅಡ್ಡ ನಿಂತು ಸತ್ತ. ಮುದ್ರೆ ಒತ್ತಿದ್ದೇ ಇದಕ್ಕಲ್ವಾ? ಅಪ್ಪನೂ ಹಾಗೇ ಸತ್ತ, ಮಗನೂ ಹಾಗೇ ಸತ್ತ. ಆ ಹೊತ್ತಿಗೆ ಹಿನ್ನೆಲೆಯಲ್ಲಿ ಪಿಟೀಲು ಅಳುತ್ತದೆ, ನಾನೂ ಅತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಮರುದಿನ ಯೋಚಿಸಿದಾಗ ಮೋಸ ಹೋದೆ ಅನ್ನಿಸಿತು.

ಇದನ್ನೆಲ್ಲ ಹಾಸ್ಟೆಲಿನ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಅವನು ಈಗ ಹುಬ್ಬಳ್ಳಿಯಲ್ಲಿದ್ದಾನೆ, ನನಗಿಂತ ದೊಡ್ಡ ಅಭಿಮಾನಿ.

'ಲೇ, ಅವ ತಾನೇ ಆರಿಸ್ಕೊಂಡು ಸತ್ತಾನ. ಅದ ಸ್ವಾತಂತ್ರ್ಯ. ಅಪ್ಪನ ಪತ್ರದಾಗೂ ಅದ ಐತಲ್ಲ' ಅಂದ.

ಅವನ ಮಾತಿನಲ್ಲಿ ಹುರುಳಿದೆ. ಪರೀಕ್ಷೆ ಮುಗಿದ ಮೇಲೆ ಹಿಯಾಶಿ ನೇಜಿಗೆ ಅಪ್ಪನ ಪತ್ರ ತಂದು ಕೊಡುತ್ತಾನೆ. ನನ್ನನ್ನು ಯಾರೂ ತಳ್ಳಲಿಲ್ಲ, ಅಣ್ಣನಿಗಾಗಿ ನಾನೇ ಹೋದೆ ಅಂತ ಹಿಝಾಶಿ ಬರೆದಿರುತ್ತಾನೆ. ಹಿಯಾಶಿ ಆ ಹುಡುಗನ ಮುಂದೆ ನೆಲಕ್ಕೆ ತಲೆಯೂರಿ ಬಾಗುತ್ತಾನೆ. ಇಡೀ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ದೃಶ್ಯಗಳಲ್ಲಿ ಅದೊಂದು. ಆದರೆ ಪಂಜರದೊಳಗೆ ಯಾವ ಮೂಲೆಯಲ್ಲಿ ಕೂರಬೇಕು ಅಂತ ಹಕ್ಕಿ ತಾನೇ ಆರಿಸಿಕೊಂಡರೆ ಪಂಜರ ಇಲ್ಲವಾಗುತ್ತದಾ? ಮೊದಲ ಸಾವು ಪ್ರಶ್ನೆ ಎತ್ತಿತು, ಸರಿ. ಎರಡನೇ ಸಾವು ಅದೇ ಪ್ರಶ್ನೆಯನ್ನು ಮತ್ತೆ ಓದಿ ಕೂತುಬಿಟ್ಟಿತು.

'ವಾರಕ್ಕೊಂದು ಅಧ್ಯಾಯ, ಹದಿನೈದು ವರ್ಷ. ನೀ ಬರದು ತೋರ್ಸು' ಅಂತ ಬೈದು ಫೋನಿಟ್ಟ.

ಅದೂ ನಿಜ. ಇಂಥ ಕಥೆಗಳಲ್ಲಿ ಶತ್ರು ದೊಡ್ಡವನಾಗುತ್ತಲೇ ಹೋಗಬೇಕು. ಶುರುವಿನಲ್ಲಿ ಸೇತುವೆಯ ಮೇಲೆ ಕತ್ತಿ ಹಿಡಿದು ನಿಂತ ಝಬುಝಾ ಒಬ್ಬನೇ ಸಾಕಿದ್ದ. ಕೊನೆಗೆ ಕಗುಯಾ ಬರುತ್ತಾಳೆ, ಹೆಚ್ಚುಕಡಿಮೆ ದೇವತೆಯೇ. ದೇವತೆಯ ಎದುರು ನಿಲ್ಲಲು ದೇವರು ಕೊಟ್ಟ ಶಕ್ತಿಯೇ ಬೇಕಾಗುತ್ತದೆ. ಉಳಿದವರು ಬಾಯಿ ಬಿಟ್ಟುಕೊಂಡು ನೋಡಬೇಕು. ನಿಂಜಾ ವಿದ್ಯೆಯೇ ಬಾರದ, ಬರೀ ಕೈಕಾಲಿನ ಬಲದಲ್ಲಿ, ಮರಳನ್ನೇ ಆಯುಧ ಮಾಡಿಕೊಂಡ ಗಾರಾನ ಎದುರು ನಿಂತು ಮೂಳೆ ಪುಡಿ ಮಾಡಿಕೊಂಡ, ನೇಜಿಯ ತಂಡದ ರಾಕ್ ಲೀಗೆ ಯುದ್ಧದಲ್ಲಿ ಏನು ಕೆಲಸ ಸಿಕ್ಕಿತು? ಅದೇ ತಂಡದ ಟೆನ್‌ಟೆನ್ ಬಗ್ಗೆ ಕೇಳಲೇಬೇಡಿ. ನರುಟೊನ ತಂಡದ ಸಕುರಾ ಬಗ್ಗೆ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತದೆ, ಕಮೆಂಟಿನಲ್ಲಿ ಜಗಳವೂ ಆಗುತ್ತದೆ.

ಲೀಗೆ ಕೆಲಸ ಇಲ್ಲದಿದ್ದರೂ ನಾನು ಸಹಿಸಿಕೊಳ್ಳುತ್ತೇನೆ. ಅವನಿಗೆ ಯಾರೂ ಮಾತು ಕೊಟ್ಟಿರಲಿಲ್ಲ. ನೇಜಿಗೆ ಕೊಟ್ಟಿದ್ದರು. ಸಾವಿರಾರು ಜನರ ಎದುರು, ಕಥಾನಾಯಕನ ಬಾಯಲ್ಲಿ. ಆ ಕಥಾನಾಯಕ ಕೊನೆಗೆ ಹೊಕಾಗೆ ಆದ. ಹಿನಾಟಾಳನ್ನೇ ಮದುವೆಯಾದ, ಅಂದರೆ ಹ್ಯೂಗಾ ಮನೆಯ ಅಳಿಯ. ಹಿಯಾಶಿ ಈಗ ಅವನ ಮಾವ. ಹಬ್ಬದ ಊಟಕ್ಕೆ ಕೂತಾಗ ಕೇಳಬಹುದಿತ್ತು, 'ಮಾವ, ಆ ಮುದ್ರೆಯ ವಿಷಯ ಏನಾಯಿತು?' ಅಂತ. 700 ಅಧ್ಯಾಯಗಳಲ್ಲಿ ಅಂಥದ್ದೊಂದು ಮಾತಿಲ್ಲ.

ಬದಲಿಗೆ ಮಗ ಬೊರುಟೊನ ಹೆಸರಿನಲ್ಲಿ ನೇಜಿಯನ್ನು ನೆನೆದಿದ್ದಾರೆ. ಜಪಾನೀ ಭಾಷೆಯಲ್ಲಿ ನೇಜಿ ಅಂದರೆ ಸ್ಕ್ರೂ. ಬೊರುಟೊ ಅಂದರೆ ಬೋಲ್ಟು. ಹಾರ್ಡ್‌ವೇರ್ ಅಂಗಡಿಯ ಶ್ರದ್ಧಾಂಜಲಿ ಅಂತ ಹೇಳಿ ಗೆಳೆಯನ ಹತ್ತಿರ ಬೈಸಿಕೊಂಡಿದ್ದೇನೆ.

ನನಗೆ ಇನ್ನೊಂದು ಯುದ್ಧ ಬೇಕಿರಲಿಲ್ಲ. ನೇಜಿ ಬದುಕಲೇಬೇಕು ಅಂತಲೂ ಇಲ್ಲ. ಒಂದೇ ಒಂದು ಪುಟ ಸಾಕಿತ್ತು. ಹ್ಯೂಗಾ ಮನೆಯ ಅಂಗಳ, ಯಜಮಾನರ ಮನೆಯಲ್ಲಿ ಯಾವುದೋ ಮಗುವಿಗೆ ಮೂರು ತುಂಬಿದ ದಿನ. ಕಾಯುವ ಮನೆಯ ನಾಲ್ಕು ವರ್ಷದ ಪೋರ ಒಬ್ಬ ಅಲ್ಲೇ ಓಡಾಡಿ ಬೆವೆತು ನಿಂತಿರಬೇಕು. ಅವನ ಅಮ್ಮ ಸೆರಗಿನಲ್ಲೋ ತೋಳಿನಲ್ಲೋ ಅವನ ಹಣೆ ಒರೆಸಬೇಕು. ಅಲ್ಲಿ ಬೆವರು ಬಿಟ್ಟರೆ ಏನೂ ಇರಬಾರದು.