ಜನ ಏನಂತಾರೆ ಗೊತ್ತಾಯ್ತು, ನೀವೇನಂತೀರಿ?

ಇವತ್ತು 2024ರ ನವೆಂಬರ್ 3, ಭಾನುವಾರ. ನಾವಿರುವ ಅಮೆರಿಕದಲ್ಲಿ ಮಂಗಳವಾರ ಅಧ್ಯಕ್ಷ ಚುನಾವಣೆ, ಕಣದಲ್ಲಿ ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್. ನಿನ್ನೆ ಬಲಿಪಾಡ್ಯಮಿ. ನಮ್ಮ ಗುಂಪಿನ ದೀಪಾವಳಿ ಊಟ ಎಂದಿನಂತೆ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ. ಸಂಜೆ ಏಳರ ಹೊತ್ತಿಗೆ ಆರತಿ ತಟ್ಟೆ ಹಿಡಿದು ನಿಂತಿದ್ದೇನೆ, ಕರ್ಪೂರ ಹಚ್ಚಿಯಾಗಿದೆ. ಹಿಂದಿನಿಂದ ಒಬ್ಬರು "ಅಯ್ಯಯ್ಯೋ, ಅಯೋವಾ!" ಅಂತ ಕಿರುಚಿದರು. ಯಾರಿಗೋ ಏನೋ ಆಗಿಹೋಯಿತು ಅಂತ ನನ್ನ ಎದೆ ಧಸಕ್ಕೆಂದಿತು.

ಏನೂ ಆಗಿರಲಿಲ್ಲ. ಅಯೋವಾ ರಾಜ್ಯದ ಹೆಸರಾಂತ ಸಮೀಕ್ಷಕಿ ಆ್ಯನ್ ಸೆಲ್ಜರ್ ಅವರ ಚುನಾವಣಾ ಸಮೀಕ್ಷೆ ಆಗ ತಾನೇ ಬಂದಿತ್ತು ಅಷ್ಟೆ. ಅಯೋವಾದಲ್ಲಿ ಹ್ಯಾರಿಸ್ 47, ಟ್ರಂಪ್ 44. ಎಲ್ಲರ ಕೈಗೂ ಫೋನು ಬಂತು. ಕರ್ಪೂರ ಆರಿತು. ಮಂಗಳಾರತಿ ಹಾಡನ್ನು ನಾನು ಮತ್ತು ಮನೆಯೊಡತಿಯ ಅತ್ತೆ ಇಬ್ಬರೇ ಮುಗಿಸಿದೆವು. ಅವರಿಗೆ ಇಲ್ಲಿ ಓಟಿಲ್ಲ, ವಿಸಿಟರ್ ವೀಸಾ.

ಅಲ್ಲಿಂದ ಎರಡೂವರೆ ಗಂಟೆ ನಡೆಯಿತು ನೋಡಿ ಚರ್ಚೆ. ಇಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿರುವ ಎಲೆಕ್ಟೋರಲ್ ಓಟುಗಳಿಂದ, 270 ಬಂದರೆ ಗೆಲುವು. ಅಯೋವಾಕ್ಕಿರುವುದು 538ರಲ್ಲಿ ಬರೀ 6. ಅದರ ಬಗ್ಗೆ ಅತಿ ಜೋರಾಗಿ ಮಾತಾಡಿದವರು ಜೀವನದಲ್ಲಿ ಒಮ್ಮೆ ಆ ರಾಜ್ಯಕ್ಕೆ ಕಾಲಿಟ್ಟಿದ್ದಾರೆ. ಚಿಕಾಗೋದಿಂದ ಡೆನ್ವರ್‌ಗೆ ಕಾರಲ್ಲಿ ಹೋಗುವಾಗ ಗ್ಯಾಸ್ ಹಾಕಿಸೋಕೆ. ಆದರೂ ಅಲ್ಲಿನ ಅರವತ್ತೈದು ದಾಟಿದ ಹೆಂಗಸರ ಮನಸ್ಸಿನಲ್ಲಿ ಏನಿದೆ ಅಂತ ಅವರಿಗೆ ಪೂರ್ತಿ ಗೊತ್ತು. ಪಕ್ಕದಲ್ಲೇ ಕೋಸಂಬರಿ ಬಡಿಸುತ್ತಿದ್ದ ಹೆಂಡತಿಯ ಮನಸ್ಸಿನಲ್ಲಿ ಏನಿದೆ ಅಂತ ಕೇಳಿದ್ದಾರಾ? ನಾನು ಅವರ ಹೆಂಡತಿಯನ್ನೇ ಕೇಳಿದೆ. ಇಲ್ಲವಂತೆ.

ನನ್ನ ಸಿಟ್ಟು ಇಷ್ಟೇ. ಒಂದು ಸಂಜೆಯಲ್ಲಿ "ಯಾರು ಗೆಲ್ತಾರೆ?" ಅನ್ನುವ ಪ್ರಶ್ನೆ ಎಷ್ಟು ಸಲ ಕಿವಿಗೆ ಬಿತ್ತೋ ಲೆಕ್ಕವಿಲ್ಲ. "ನಿಮ್ಮ ಓಟು ಯಾರಿಗೆ, ಯಾಕೆ?" ಅಂತ ಒಬ್ಬರೂ ಇನ್ನೊಬ್ಬರನ್ನು ಕೇಳಲಿಲ್ಲ. ಹದಿನೆಂಟು ಜನ ದೊಡ್ಡವರಿದ್ದೆವು, ಹೆಚ್ಚಿನವರು ಸಿಟಿಜನ್‌ಗಳು. ಇರುವುದು ಪೆನ್ಸಿಲ್ವೇನಿಯಾದಲ್ಲಿ, 19 ಎಲೆಕ್ಟೋರಲ್ ಓಟಿನ ರಾಜ್ಯ. ಅದರಲ್ಲೂ ಬಕ್ಸ್ ಕೌಂಟಿ. ಹೋದ ತಿಂಗಳು 16ಕ್ಕೆ ಹ್ಯಾರಿಸ್ ವಾಷಿಂಗ್ಟನ್ ಕ್ರಾಸಿಂಗ್‌ಗೆ ಬಂದರು. 20ಕ್ಕೆ ಟ್ರಂಪ್ ಫೀಸ್ಟರ್‌ವಿಲ್‌ನ ಮೆಕ್‌ಡೊನಾಲ್ಡ್ಸ್‌ನಲ್ಲಿ ಏಪ್ರನ್ ಕಟ್ಟಿಕೊಂಡು ಫ್ರೈಸ್ ತುಂಬಿಕೊಟ್ಟರು. ಇಬ್ಬರೂ ನಮ್ಮ ಮನೆ ಬಾಗಿಲಿಗೆ ಬಂದು ನಿಂತಂತೆಯೇ ಲೆಕ್ಕ. ನಾವು ಮಾತ್ರ ಅಯೋವಾ ಕಡೆ ಮುಖ ಮಾಡಿ ಕೂತಿದ್ದೇವೆ.

ಮಾತೆಲ್ಲ ಬೇರೆಯವರ ಬಗ್ಗೆಯೇ ಗಮನಿಸಿದ್ದೀರಾ? "ಸಬರ್ಬನ್ ಹೆಂಗಸರು ಈ ಕಡೆ ವಾಲ್ತಾರೆ." ಅಲ್ಲಾ ಸ್ವಾಮಿ, ಸಬರ್ಬನ್ ಹೆಂಗಸು ಅಂದರೆ ನಾನೇ ಅಲ್ವಾ? ನಿಮ್ಮ ಎದುರಿಗೆ ಸೌಟು ಹಿಡಿದು ನಿಂತಿದ್ದೀನಿ, ನನ್ನನ್ನೇ ಕೇಳಿ. "ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಟ್ರಂಪ್ ಸಭೆಯಲ್ಲಿ ಆ ಹಾಸ್ಯಗಾರ ಪೋರ್ಟೊರಿಕೋವನ್ನು ಕಸದ ದ್ವೀಪ ಅಂದನಲ್ಲ, ಅಲೆನ್‌ಟೌನ್ ಕಡೆ ಪೋರ್ಟೊರಿಕನ್ನರು ತಿರುಗಿಬೀಳ್ತಾರೆ." ಇರಬಹುದು. ಈ ರಾಜ್ಯದಲ್ಲಿ ಅವರು ನಾಲ್ಕು ಲಕ್ಷಕ್ಕೂ ಜಾಸ್ತಿ ಇದ್ದಾರೆ. ಆದರೆ ಆ ಮಾತು ಕೇಳಿ ನಿಮಗೇನನ್ನಿಸಿತು? ನಗು ಬಂತಾ, ಹೇಸಿಗೆ ಆಯ್ತಾ? ಅದಕ್ಕೆ ಉತ್ತರವಿಲ್ಲ. "ವಾಲ್ಜ್ ಬದಲು ನಮ್ಮ ಗವರ್ನರ್ ಶಪಿರೋ ಅವರನ್ನು ಹಾಕ್ಕೊಂಡಿದ್ರೆ ಪೆನ್ಸಿಲ್ವೇನಿಯಾ ಕೈಯಲ್ಲಿರ್ತಿತ್ತು." ಉಪಾಧ್ಯಕ್ಷ ಸ್ಥಾನಕ್ಕೆ ಹ್ಯಾರಿಸ್ ವಾಲ್ಜ್ ಅವರನ್ನು ಆರಿಸಿಕೊಂಡ ಆಗಸ್ಟ್ 6ರಿಂದ ಈ ವಾಕ್ಯವನ್ನು ಪ್ರತಿ ಬರ್ತ್‌ಡೇ ಪಾರ್ಟಿಯಲ್ಲೂ ಕೇಳುತ್ತಿದ್ದೇನೆ. ಹೇಳುವವರು ಯಾವ ಕಡೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

(ಅಂದ ಹಾಗೆ, ಈ ಕಡೆ ತಮಿಳು ತಾಯಿಯ ಮಗಳು ಹ್ಯಾರಿಸ್, ಆ ಕಡೆ ಟ್ರಂಪ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿರುವ ವ್ಯಾನ್ಸ್ ಅವರ ಹೆಂಡತಿ ತೆಲುಗು ಮನೆತನ. ಕನ್ನಡದವರು ಒಬ್ಬರೂ ಸಿಗಲಿಲ್ವಲ್ಲ ಅಂತ ಒಬ್ಬರಿಗೆ ನಿಜವಾಗಲೂ ಬೇಸರ. ಹೋಳಿಗೆ ತಿನ್ನುತ್ತಾ ಹೇಳಿದರು.)

ನಮ್ಮ ಮನೆಯವರನ್ನೂ ಬಿಡುವ ಹಾಗಿಲ್ಲ. ಅವರದೊಂದು ಎಕ್ಸೆಲ್ ಶೀಟಿದೆ. ಯಾವ ಕಡೆಗೂ ವಾಲಬಹುದಾದ ಏಳು ರಾಜ್ಯಗಳ ಏಳು ಬಣ್ಣ, 270 ಮುಟ್ಟುವ ದಾರಿಗಳು. ಇವತ್ತು ಬೆಳಿಗ್ಗೆ ನ್ಯೂಯಾರ್ಕ್ ಟೈಮ್ಸ್ ಮತ್ತು ಸಿಯೆನಾ ಕಾಲೇಜಿನ ಕೊನೇ ಸಮೀಕ್ಷೆ ಬಂತು. ಪೆನ್ಸಿಲ್ವೇನಿಯಾ 48-48. ಮನುಷ್ಯ ಆ ಸಮಬಲವನ್ನು ಹಲ್ಲುಜ್ಜದೆ ಅರ್ಧ ಗಂಟೆ ನೋಡಿದರು. ಸಮ ಅಂದರೆ ಸಮ ಕಣ್ರೀ, ಅದರಲ್ಲಿ ನೋಡೋಕೆ ಏನಿದೆ?

ಸಮೀಕ್ಷೆಯೇ ಸುಳ್ಳು ಅನ್ನುವ ಗುಂಪಿನವಳಲ್ಲ ನಾನು. ಸ್ಟಾಟಿಸ್ಟಿಕ್ಸ್ ಓದಿದವಳು, ನಿಮಗೆ ಗೊತ್ತೇ ಇದೆ. ಸೆಲ್ಜರ್ ಹುಡುಗಾಟದವರಲ್ಲ. 2016, 2020 ಎರಡರಲ್ಲೂ ಟ್ರಂಪ್ ಅಯೋವಾದಲ್ಲಿ 7 ಪಾಯಿಂಟ್ ಮುಂದೆ ಅಂದಿದ್ದರು, ಬೇರೆ ಹಲವರು ಹಾಗೆ ಹೇಳದಿದ್ದಾಗ. ಗೆದ್ದಿದ್ದು ಒಮ್ಮೆ 9ಕ್ಕೂ ಸ್ವಲ್ಪ ಜಾಸ್ತಿ, ಇನ್ನೊಮ್ಮೆ 8ರಲ್ಲಿ. ಆದರೆ ನಿನ್ನೆಯದು 808 ಜನರನ್ನು ಕೇಳಿದ ಲೆಕ್ಕ. ಒಬ್ಬೊಬ್ಬರ ಅಂಕಿಯೂ 3.4 ಆಚೀಚೆ ಆಗಬಹುದು. ಇಬ್ಬರ ನಡುವಿನ ಅಂತರ ನೋಡಿದರೆ ಆ ಅನುಮಾನ ಹತ್ತಿರ ಹತ್ತಿರ ದುಪ್ಪಟ್ಟು. ಇದೇ ಸಮೀಕ್ಷೆಯಲ್ಲಿ ಸೆಪ್ಟೆಂಬರ್‌ನಲ್ಲಿ ಟ್ರಂಪ್ 4 ಮುಂದಿದ್ದರು. ಒಂದೂವರೆ ತಿಂಗಳಲ್ಲಿ ಅಯೋವಾ ಅಂಗಾತ ತಿರುಗಿಬಿದ್ದಿತಾ, ಅಥವಾ ಈ ಸಲ ಫೋನೆತ್ತಿದವರೇ ಬೇರೆ ಥರದವರಾ? ಮಂಗಳವಾರ ರಾತ್ರಿಯವರೆಗೆ ತಡೆಯೋಕೆ ಏನು ಕಷ್ಟ? ಜೋಳದ ಬೆಳೆ ಎಲ್ಲೂ ಓಡಿಹೋಗಲ್ಲ.

ಫೋನ್ ಎತ್ತುವುದು ಅಂದಾಗ ಒಂದು ತಪ್ಪೊಪ್ಪಿಗೆ. ಹೋದ ತಿಂಗಳು ನನಗೂ ಸಮೀಕ್ಷೆಯವರ ಕರೆ ಬಂದಿತ್ತು. ಒಲೆ ಮೇಲೆ ಸಾಸಿವೆ ಸಿಡೀತಿತ್ತು, ಕೈಯಲ್ಲಿ ಕರಿಬೇವು. ಆ ಹುಡುಗಿ ಪಾಪ ಮರ್ಯಾದೆಯಿಂದ "ಹತ್ತು ನಿಮಿಷ ಇದೆಯಾ?" ಅಂತ ಕೇಳಿದಳು. ಇಲ್ಲ ಅಂದು ಕಟ್ ಮಾಡಿದೆ. ಆಮೇಲೆ ಒಲೆ ಆರಿಸಿ ಸೋಫಾದಲ್ಲಿ ಕೂತು, ಸಮೀಕ್ಷೆಗಳ ಸರಾಸರಿ ತೋರಿಸುವ ಪುಟವನ್ನು ಹತ್ತು ನಿಮಿಷ ನೋಡಿದೆ. ಪ್ಯೂ ರಿಸರ್ಚ್‌ನವರ ಲೆಕ್ಕದಲ್ಲಿ 1997ರಲ್ಲಿ ಫೋನ್ ಸಮೀಕ್ಷೆಗೆ ನೂರಕ್ಕೆ 36 ಜನ ಸಿಗುತ್ತಿದ್ದರು, 2018ಕ್ಕೆ 6. ಸಿಗದ ಆ ತೊಂಬತ್ತನಾಲ್ಕರಲ್ಲಿ ನಾನೂ ಒಬ್ಬಳು. ಹೇಳದೆ ಕೂರುವ ನಮ್ಮಂಥವರ ಮನಸ್ಸನ್ನು, ಹೇಳಿದ ನಾಲ್ಕು ಜನರಿಂದ ಊಹಿಸಬೇಕು. ವಯಸ್ಸು, ಬಣ್ಣ, ಓದು ಎಲ್ಲ ನೋಡಿ ತೂಕ ಹಾಕಿ ಸರಿದೂಗಿಸಬೇಕು. 2016ರಲ್ಲಿ ಎಷ್ಟೋ ರಾಜ್ಯಗಳ ಸಮೀಕ್ಷೆಯವರು ಓದಿನ ತೂಕ ಸರಿ ಹಾಕಲಿಲ್ಲ. ಕಾಲೇಜು ಓದಿದವರು ಜಾಸ್ತಿ ಉತ್ತರ ಕೊಟ್ಟಿದ್ದರು, ಹಿಲರಿ ಗೆದ್ದೇ ಬಿಟ್ಟರು ಅನ್ನಿಸಿತು. ಕೊನೆಗೆ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರೂ ಸೇರಿ 78 ಸಾವಿರಕ್ಕೂ ಕಡಿಮೆ ಓಟಿನ ಅಂತರದಲ್ಲಿ ಟ್ರಂಪ್ ಗೆದ್ದು ಆಟ ಮುಗಿಯಿತು. ಆಗ ನನಗೆ ಓಟಿರಲಿಲ್ಲ, ಗ್ರೀನ್ ಕಾರ್ಡ್ ಅಷ್ಟೆ. ಆದರೂ ಅಮ್ಮನಿಗೆ ಫೋನ್ ಮಾಡಿ "ಈ ಸಲ ಹೆಂಗಸೇ ಬರೋದು, ಬರೆದಿಟ್ಕೋ" ಅಂದಿದ್ದೆ. ಅಮ್ಮ ಹಾಲಿನ ಲೆಕ್ಕದ ಕ್ಯಾಲೆಂಡರ್ ಮೇಲೆ ನಿಜವಾಗಲೂ ಬರೆದಿಟ್ಟಿದ್ದಳು. ಇಂದಿಗೂ ಆಡಿಕೊಳ್ಳುತ್ತಾಳೆ.

ನಮ್ಮ ಕಡೆಯದೇ ನೋಡಿ. ಈ ಜೂನ್‌ನಲ್ಲಿ ಎಕ್ಸಿಟ್ ಪೋಲ್‌ನವರು ಎನ್‌ಡಿಎಗೆ 350, 400 ಅಂದರು. ಬಂದದ್ದು 293. ಆವತ್ತು ನಕ್ಕಿದ್ದೂ ಇದೇ ಬೇಸ್‌ಮೆಂಟಿನ ಮಹನೀಯರೇ. ಐದು ತಿಂಗಳಿಗೆ ಮರೆತೇ ಹೋಯ್ತಾ? ಬಲಿಪಾಡ್ಯಮಿ ದಿನವೇ ಇದೆಲ್ಲ ನಡೆದದ್ದರಿಂದ ಹೇಳುತ್ತೇನೆ, ಬಲಿ ಚಕ್ರವರ್ತಿಯ ಅಪ್ರೂವಲ್ ರೇಟಿಂಗ್ ಕೂಡ ಬಹಳ ಚೆನ್ನಾಗಿತ್ತು.

ಈಗ ಕೆಲವರು ಕಾಮೆಂಟ್ ಹಾಕೋಕೆ ಕಾಯ್ತಿರ್ತೀರಿ. "ಓಟು ಗುಟ್ಟು ಕಣ್ರೀ, ಕೇಳಬಾರದು. ಇಪ್ಪತ್ತು ವರ್ಷದ ಸ್ನೇಹ ಹಾಳಾಗುತ್ತೆ." ಗುಟ್ಟಿನ ಬಗ್ಗೆ ನನಗೆ ಪಾಠ ಬೇಡ. ನಮ್ಮಪ್ಪ ತಿಪಟೂರು ಕಡೆ ಮೇಷ್ಟ್ರು. ಪ್ರತಿ ಎಲೆಕ್ಷನ್ ಡ್ಯೂಟಿಗೂ ಹೋದವರು. ಓಟು ಯಾರಿಗೆ ಅಂತ ಅಮ್ಮನಿಗೂ ಹೇಳಿದವರಲ್ಲ. ಆದರೆ ಕೆರೆ ಹೂಳು ಯಾಕೆ ತೆಗೆಸಿಲ್ಲ, ಕೊಬ್ಬರಿ ರೇಟು ಯಾಕೆ ಬಿತ್ತು, ಶಾಲೆಗೆ ಮೇಷ್ಟ್ರು ಯಾಕಿಲ್ಲ ಅಂತ ಬಸ್‌ಸ್ಟ್ಯಾಂಡಿನಲ್ಲಿ ಯಾರು ಸಿಕ್ಕರೂ ವಾದ ಮಾಡುತ್ತಿದ್ದರು. ಅವರು ಮುಚ್ಚಿಟ್ಟಿದ್ದು ಓಟನ್ನು. ನಾವು ಮುಚ್ಚಿಡುತ್ತಿರುವುದು ತಲೆಯನ್ನೇ. ಶೇಕಡಾವಾರು ಲೆಕ್ಕ ಒಳ್ಳೆ ಕಂಬಳಿ, ಒಳಗೆ ಯಾರು ಮಲಗಿದ್ದಾರೆ ಗೊತ್ತಾಗಲ್ಲ.

ಸರಿ, ಸ್ನೇಹ ಹಾಳಾಗುವ ವಿಷಯಕ್ಕೆ ಬರುತ್ತೇನೆ. ನಿನ್ನೆ ರಾತ್ರಿ ನಿಜವಾದ ಮಾತುಕತೆ ಒಂದೇ ಒಂದು ನಡೆಯಿತು, ಅದೂ ಅಡುಗೆಮನೆಯ ಸಿಂಕಿನ ಮುಂದೆ. ನಾನು ಪಾತ್ರೆ ತೊಳೆಯುತ್ತಿದ್ದೆ, ಗೆಳತಿ ಒರೆಸುತ್ತಿದ್ದಳು. ತಡೆಯಲಾರದೆ ಕೇಳಿಯೇಬಿಟ್ಟೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿ "ಟ್ರಂಪ್‌ಗೆ ಕಣೇ" ಅಂದಳು. ಗ್ರೀನ್ ಕಾರ್ಡಿಗೆ ಹನ್ನೆರಡು ವರ್ಷ ಸಾಲಿನಲ್ಲಿ ನಿಂತವಳು ಅವಳು. ಅಪ್ಪ ಹೋದಾಗ ವೀಸಾ ಸ್ಟ್ಯಾಂಪಿಂಗ್ ಭಯಕ್ಕೆ ಊರಿಗೆ ಹೋಗಲಾಗಲಿಲ್ಲ. "ಸಾಲು ತಪ್ಪಿಸಿ ಗಡಿ ದಾಟಿದೋರನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ. ತಪ್ಪಿರಬಹುದು, ಉರಿಯುತ್ತೆ. ಆಮೇಲೆ ಸಾಮಾನಿನ ಬಿಲ್ ನೋಡಿದೀಯಾ?" ನೋಡಿದ್ದೇನೆ. 2022ರ ಜೂನ್‌ನಲ್ಲಿ ಹಣದುಬ್ಬರ ಶೇಕಡಾ 9.1 ಮುಟ್ಟಿತ್ತು. ಆಮೇಲೆ ಇಳಿಯಿತು ಅಂತ ಹೇಳಿದೆ. "ಏರೋದು ನಿಧಾನ ಆಯ್ತು ಅಷ್ಟೆ, ಬೆಲೆ ಇಳೀತಾ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನೂ ಹೇಳಿದೆ. ನನ್ನ ಓಟು ಅಕ್ಟೋಬರ್‌ನಲ್ಲೇ ಅಂಚೆಯಲ್ಲಿ ಹೋಗಿದೆ, ಹ್ಯಾರಿಸ್‌ಗೆ. ಚೆನ್ನೈನವರ ಮೊಮ್ಮಗಳು ಅಂತಲ್ಲ. ಮಗಳಿಗೆ ಹದಿನೇಳು, ಅವಳ ಕಾಲೇಜು ಪಟ್ಟಿಯಲ್ಲಿ ಟೆಕ್ಸಾಸಿನದೊಂದಿದೆ. 2022ರಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ತೆಗೆದುಹಾಕಿ ಅದನ್ನು ಆಯಾ ರಾಜ್ಯಕ್ಕೆ ಬಿಟ್ಟ ಮೇಲೆ, ಒಂದು ಕಾಲೇಜಿನ ಹೆಸರು ಓದಿದರೆ ನನಗೆ ಮೊದಲು ನೆನಪಾಗುವುದು ಆ ರಾಜ್ಯದ ಆಸ್ಪತ್ರೆ. ಇನ್ನೊಂದು, ಸೋತ ಟ್ರಂಪ್ ಅವರ ಬೆಂಬಲಿಗರು ಸಂಸತ್ತಿಗೆ ನುಗ್ಗಿದ 2021ರ ಜನವರಿ 6. ಸೋತವರು ಸೋತೆ ಅನ್ನಬೇಕು, ನಮ್ಮಪ್ಪ ಮತಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಲಾರಿಯಲ್ಲಿ ಬಂದದ್ದು ನೋಡಿ ಬೆಳೆದವಳು ನಾನು. ಹಾಗಂತ ಹ್ಯಾರಿಸ್ ಮೇಲೆ ಸಿಟ್ಟಿಲ್ಲ ಅಂತಲ್ಲ. ಬೈಡನ್‌ಗಿಂತ ಬೇರೆ ಏನು ಮಾಡುತ್ತಿದ್ದಿರಿ ಅಂತ ಟಿವಿಯಲ್ಲಿ ಕೇಳಿದರೆ ಏನೂ ಹೊಳೆಯುತ್ತಿಲ್ಲ ಅಂದರಲ್ಲ, ಆವತ್ತು ತಲೆ ಚಚ್ಚಿಕೊಂಡೆ.

ಹದಿನೈದು ನಿಮಿಷ ಜಗಳವಾಡಿದೆವು. ಒಂದು ಬಿಸಿಬೇಳೆಬಾತ್ ಪಾತ್ರೆಯನ್ನು ನಾನು ಎರಡು ಸಲ ತೊಳೆದೆ. ಅವಳೂ ಬದಲಾಗಲಿಲ್ಲ, ನಾನೂ ಬದಲಾಗಲಿಲ್ಲ. ಅವಳ ಅಪ್ಪನ ವಿಷಯ ಮಾತ್ರ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಕೆಳಗೆ ಬಂದರೆ ಇನ್ನೂ ಅಯೋವಾ. ಆಗ ಕೊನೆಯ ರತ್ನ ಹೊರಬಿತ್ತು. ಸಂಜೆಯಿಡೀ ರಣತಂತ್ರ ಹೇಳುತ್ತಿದ್ದ ಆ ಗ್ಯಾಸ್ ಸ್ಟೇಷನ್ ಮಹಾಶಯರು ತಮ್ಮ ಮೇಲ್ ಬ್ಯಾಲಟ್ ಇನ್ನೂ ಕಳಿಸಿಲ್ಲವಂತೆ. ಫ್ರಿಜ್ ಮೇಲಿದೆಯಂತೆ. "ಸೋಮವಾರ ಪೋಸ್ಟ್‌ಗೆ ಹಾಕ್ತೀನಿ ಬಿಡಿ." ಎಲ್ಲಿಯ ಬಿಡೋದು! ಈ ರಾಜ್ಯದಲ್ಲಿ ಅಂಚೆ ಮುದ್ರೆಯ ತಾರೀಕು ಲೆಕ್ಕಕ್ಕಿಲ್ಲ, ಮಂಗಳವಾರ ರಾತ್ರಿ ಎಂಟರೊಳಗೆ ಕೌಂಟಿ ಕಚೇರಿಗೆ ತಲುಪಿರಬೇಕು. ಒಳಗಿನ ಗುಟ್ಟಿನ ಲಕೋಟೆಗೆ ಹಾಕದಿದ್ದರೆ ಅದು ಬೆತ್ತಲೆ ಬ್ಯಾಲಟ್, ಎಣಿಸಲ್ಲ. ಈ ಚುನಾವಣೆಗೆ ಹೊರಗಿನದರ ಮೇಲೆ ಸಹಿ, ತಾರೀಕು ಬೇಕು. ಒಳಗೆ ಇನ್ನೊಂದು ಲಕೋಟೆ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅಯೋವಾದ ಅಜ್ಜಿಯರ ಮನಸ್ಸು ಗೊತ್ತು, ಸ್ವಂತ ಲಕೋಟೆ ಗೊತ್ತಿಲ್ಲ. ಎಲ್ಲವನ್ನೂ ಎತ್ತಿಕೊಂಡು ಮಂಗಳವಾರ ಮತಗಟ್ಟೆಗೆ ಹೋಗಿ, ಅಲ್ಲಿ ವಾಪಸ್ ಕೊಟ್ಟು ಮೆಷಿನ್‌ನಲ್ಲೇ ಹಾಕಿ ಅಂತ ಹೇಳಿ ಬಂದಿದ್ದೇನೆ. ಯಾರಿಗೆ ಹಾಕ್ತಾರೆ ಅಂತ ಕೇಳಿದೆ. "ನೋಡೋಣ, ಟ್ರೆಂಡ್ ಹೇಗಿರುತ್ತೆ" ಅಂದರು. ನಮಸ್ಕಾರ.

ನಾನೇನು ಸಾಚಾ ಅಲ್ಲ. ಹೋದ ವರ್ಷ ನವೆಂಬರ್‌ನಲ್ಲಿ ಸ್ಕೂಲ್ ಬೋರ್ಡ್ ಚುನಾವಣೆ ಇತ್ತು. ಮಗಳು ಏನು ಓದಬೇಕು ಅಂತ ತೀರ್ಮಾನಿಸುವವರು ಅವರು. ಆವತ್ತು ಮಳೆ, ಆಫೀಸಿನಲ್ಲಿ ಕೆಲಸ, ಹೋಗಲಿಲ್ಲ. ಅದಕ್ಕೆ ಯಾರ ಎಕ್ಸೆಲ್ ಶೀಟೂ ಇರಲಿಲ್ಲ, ಆರತಿ ಮಧ್ಯೆ ಯಾರೂ ಕಿರುಚಲೂ ಇಲ್ಲ.

ಇವತ್ತು ಬೆಳಿಗ್ಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತಲ್ಲ, ಸಿಕ್ಕಿದ ಆ ಒಂದು ಗಂಟೆಯನ್ನು ಇದನ್ನು ಬರೆಯುವುದಕ್ಕೇ ಹಾಕಿದ್ದೇನೆ. ನಡುವೆ ಗೆಳತಿಯ ವಾಟ್ಸಾಪ್ ಬಂತು. "ನಿನ್ನ ಕೋಸಂಬರಿ ಡಬ್ಬ ನಮ್ಮನೆಗೆ ಬಂದ್ಬಿಟ್ಟಿದೆ. ಬುಧವಾರ ತರ್ತೀನಿ. ಗೆದ್ದೋರು ಕಾಫಿ ಮಾಡ್ಬೇಕು."

ಸೋತವರು ಮಾಡಲಿ ಅಂತ ಬರೆದಿದ್ದೇನೆ. ಇನ್ನೂ ಒಪ್ಪಿಲ್ಲ.