58 ಡಿಗ್ರಿ ಬೇಡುವ ಚೀಲ

ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ಕೇಂದ್ರದ ನಿಷೇಧವೂ ಬಂತು. ಅದರ ಪರಿಣಾಮ ಕಣ್ಣಿಗೆ ಕಾಣುವಂತಿದೆ. ಮೊದಲು ಕೊತ್ತಂಬರಿ ಸೊಪ್ಪನ್ನು ರಾಜಾರೋಷವಾಗಿ ಪ್ಲಾಸ್ಟಿಕ್ಕಿಗೆ ತುಂಬುತ್ತಿದ್ದ ವ್ಯಾಪಾರಿ ಈಗ ಒಮ್ಮೆ ಅತ್ತಿತ್ತ ನೋಡಿ, ಆಮೇಲೆ ತುಂಬುತ್ತಾನೆ.

ಇಂಥ ಕಳ್ಳತನ ಒಗ್ಗದ ಸುಶಿಕ್ಷಿತರಿಗೆಂದೇ ಗೊಬ್ಬರವಾಗುವ ಹಸಿರು ಚೀಲ ಅವತರಿಸಿದೆ. ನೋಟದಲ್ಲಿ, ಸ್ಪರ್ಶದಲ್ಲಿ, ಸರಬರ ಸದ್ದಿನಲ್ಲಿ ಅದು ಪ್ಲಾಸ್ಟಿಕ್ಕೇ. ಆದ್ದರಿಂದಲೇ ತಾನು ಪ್ಲಾಸ್ಟಿಕ್ ಅಲ್ಲವೆಂದು ಮೈಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿಕೊಂಡಿರುತ್ತದೆ. ಸಾಮಾನ್ಯ ಚೀಲ 120 ಮೈಕ್ರಾನ್ ದಪ್ಪವಿರಬೇಕೆಂಬ ಕೇಂದ್ರದ ನಿಯಮದಿಂದ ಇದಕ್ಕೆ ವಿನಾಯಿತಿಯಿದೆ. ವಿನಾಯಿತಿಯ ಪೂರ್ಣ ಲಾಭ ಪಡೆದ ಚೀಲ ಎರಡು ಕೆ.ಜಿ. ಟೊಮೆಟೊ ಹೊತ್ತು ಮನೆಯ ಗೇಟು ಮುಟ್ಟುವುದರೊಳಗೆ ಹರಿಯುತ್ತದೆ; ಗೊಬ್ಬರದ ಮಡಕೆಗೆ ಹಾಕಿದ ಮೇಲೆ ಮಾತ್ರ ಹರಿಯಲು ಒಪ್ಪುವುದಿಲ್ಲ.

ತಪ್ಪು ಚೀಲದ್ದಲ್ಲ. ಅದಕ್ಕೆ ಪ್ರಮಾಣಪತ್ರ ಕೊಡಿಸುವ ಐಎಸ್/ಐಎಸ್‌ಒ 17088 ಮಾನದಂಡ ರೂಪುಗೊಂಡಿರುವುದು ಕೈಗಾರಿಕಾ ಗೊಬ್ಬರ ಘಟಕಗಳಿಗಾಗಿ: ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, 180 ದಿನಗಳೊಳಗೆ ಶೇ 90ರಷ್ಟು ಕೊಳೆತರೆ ಪಾಸು. ಮನೆಯ ಮಡಕೆಯಲ್ಲೇ, 20ರಿಂದ 30 ಡಿಗ್ರಿಯಲ್ಲಿ ಕೊಳೆಯುವ ಚೀಲಕ್ಕೆ ಆಸ್ಟ್ರೇಲಿಯಾ, ಫ್ರಾನ್ಸ್‌ಗಳಲ್ಲಿ ಬೇರೆಯೇ ಮಾನದಂಡಗಳಿವೆ. ಬಾಲ್ಕನಿಯಲ್ಲಿ ಈರುಳ್ಳಿ ಸಿಪ್ಪೆ, ಕಾಫಿ ಗಸಿ ತುಂಬಿಕೊಂಡು ಕುಳಿತಿರುವ ನಮ್ಮ ಮಡಕೆ ಆಗಾಗ ಬೆಚ್ಚಗಾಗುವುದುಂಟು. ತಿಂಗಳುಗಟ್ಟಲೆ 58 ಡಿಗ್ರಿ ಕಾಯ್ದುಕೊಳ್ಳುವುದು ಅದರ ಶಕ್ತಿಗೆ ಮೀರಿದ್ದು. ಬೆಂಗಳೂರು ಮಹಾನಗರ ತನ್ನ ಕೈಲಾದ ಸಹಕಾರ ನೀಡದೆ ಇರಲಿಲ್ಲ. ನಿಷೇಧ ಬಂದ ಮರುತಿಂಗಳೇ, 2016ರ ಏಪ್ರಿಲ್‌ನಲ್ಲಿ, ಉಷ್ಣಾಂಶವನ್ನು 39.2 ಡಿಗ್ರಿಗೆ ಏರಿಸಿ ದಾಖಲೆ ಬರೆಯಿತು. ಉಳಿದ ಹತ್ತೊಂಬತ್ತು ಡಿಗ್ರಿಗೆ ಫ್ಲೈಓವರ್‌ಗಳು, ಮರ ಕಡಿಯುವವರು ಶ್ರಮಿಸುತ್ತಿದ್ದಾರೆ.

ಮಡಕೆ ತಿರಸ್ಕರಿಸಿದ ಚೀಲವನ್ನು ಕಸದ ಗಾಡಿಗೆ ಕೊಡೋಣವೆಂದರೆ ಯಾವ ಬುಟ್ಟಿಗೆ ಹಾಕಬೇಕೆಂಬ ಧರ್ಮಸಂಕಟ. ಹಸಿ ಕಸಕ್ಕೆ ಹಾಕಿದರೆ, ಮೇಲಿನ ಬರಹ ಓದುತ್ತಾ ನಿಲ್ಲಲು ಪುರುಸೊತ್ತಿಲ್ಲದ ಪೌರಕಾರ್ಮಿಕರು ಪ್ಲಾಸ್ಟಿಕ್ಕೆಂದು ಎತ್ತಿ ಬದಿಗಿಡುತ್ತಾರೆ. ಒಣ ಕಸಕ್ಕೆ ಹಾಕಿದರೆ ಮರುಬಳಕೆಯ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆಂಬ ಆಕ್ಷೇಪ. ಹೀಗೆ ಎರಡೂ ಕುಲದಿಂದ ಹೊರಬಿದ್ದ ಚೀಲ ಕೊನೆಗೆ ತನ್ನ ಪೂರ್ವಜರು ಮಲಗಿರುವ ಅದೇ ಕಸದ ಗುಡ್ಡವನ್ನು, ಪ್ರಮಾಣಪತ್ರ ಸಮೇತ, ಸೇರುತ್ತದೆ. ಮುತ್ತುಗದ ಎಲೆಗೂ ಅಡಿಕೆ ಹಾಳೆಗೂ ಈ ಗೌರವವಿಲ್ಲ. ಪರವಾನಗಿಯನ್ನೇ ಕೇಳದೆ ಕೊಳೆತುಹೋಗುವ ಅಶಿಸ್ತಿನ ವಸ್ತುಗಳವು.

ಆದ್ದರಿಂದ ಸರ್ಕಾರಕ್ಕೆ ನನ್ನದೊಂದು ವಿನಮ್ರ ಬೇಡಿಕೆಯಿದೆ. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಮೇಲೆ, ಗೊಬ್ಬರದ ಮಡಕೆಯನ್ನು 180 ದಿನ ಹಗಲಿರುಳು 58 ಡಿಗ್ರಿಯಲ್ಲಿ ಕಾಯಿಸಲು ಬೇಕಾಗುವ ವಿದ್ಯುತ್ತನ್ನು ಪ್ರತ್ಯೇಕವಾಗಿ ಮಂಜೂರು ಮಾಡಬೇಕು. ಮಧ್ಯೆ ಕರೆಂಟು ಹೋದರೆ ದಿನಗಣನೆಯನ್ನು ಮತ್ತೆ ಒಂದರಿಂದ ಆರಂಭಿಸಬೇಕೇ ಎಂಬುದನ್ನು ಸುತ್ತೋಲೆಯಲ್ಲೇ ಸ್ಪಷ್ಟಪಡಿಸಿದರೆ ಅನುಕೂಲ.